ಅಟ್ಟದ ಮೀನಿಗೆ ಹುಳ ಬಿತ್ತಾ, ಬೂಸ್ಟು ಬಂತಾ? ತಪ್ಪು ಎಲ್ಲಾಯ್ತು ಅಂತ ಹುಡುಕುವುದು ಹೀಗೆ

ಜುಲೈ ತಿಂಗಳು. ಹೊರಗೆ ಬಿಡದೆ ಸುರಿಯುವ ಮಳೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಪೇಟೆಯಲ್ಲಿ ಹಸಿ ಮೀನಿನ ರೇಟು ಕೇಳಿಯೇ ವಾಪಸ್ ಬರಬೇಕು. ಆಗ ನೆನಪಾಗುವುದು ಮೇ ತಿಂಗಳಲ್ಲಿ ಉಪ್ಪು ಹಾಕಿ, ಒಣಗಿಸಿ, ಹೊಗೆ ಕೊಟ್ಟು ಎತ್ತಿಟ್ಟ ಬಂಗುಡೆ. ಅಟ್ಟದಿಂದ ಚೀಲ ಇಳಿಸಿ ಬಾಯಿ ಬಿಚ್ಚುತ್ತೀರಿ. ತಳದಲ್ಲಿ ಕಂದು ಪುಡಿ. ಮೀನಿನ ಹೊಟ್ಟೆಯೊಳಗೆ ರೋಮದ ಹುಳ. ಅಥವಾ ಚರ್ಮದ ಮೇಲೆಲ್ಲ ಬಿಳಿ ಬಿಳಿ ಏನೋ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡುವುದು ಒಂದೇ. ಪೂರ್ತಿ ಎಸೆಯುತ್ತಾರೆ, ಇಲ್ಲಾ ಸುಮ್ನೆ ಜಾಡಿಸಿ ಬಿಸಿಲಿಗೆ ಇಟ್ಟು ತಿನ್ನುತ್ತಾರೆ. ಎರಡೂ ಸರಿಯಲ್ಲ. ಯಾಕೆಂದರೆ ಬಿಳಿ ಕಂಡದ್ದೆಲ್ಲ ಬೂಸ್ಟಲ್ಲ, ಮತ್ತು ಜಾಡಿಸಿದರೆ ಹೋಗದ ಬೂಸ್ಟೂ ಇದೆ. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ. ಇವತ್ತು ಕಂಡ ದೋಷ ಇವತ್ತಿನದಲ್ಲ, ಅದು ಐದಾರು ವಾರದ ಹಿಂದಿನದು. ಆಗ ಎಲ್ಲಿಂದ ನೀರು ಸೇರಿತು, ಎಲ್ಲಿಂದ ಹುಳ ಒಳಗೆ ಬಂತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗದಿದ್ದರೆ ಮುಂದಿನ ವರ್ಷವೂ ಇದೇ ಕಥೆ.

ನಮ್ಮ ಮನೆ ಕುಮಟಾ ಕಡೆ, ಕಡಲಿಗೆ ಹತ್ತಿರ. ಸತತ ಮೂರು ಮಳೆಗಾಲ ಮೀನು ಹಾಳು ಮಾಡಿಕೊಂಡ ಮೇಲೆ ನನಗೆ ಇದು ಅರ್ಥವಾಯಿತು. ಅದನ್ನೇ ಮೊದಲು ಹೇಳುತ್ತೇನೆ, ನಿಮ್ಮ ಮನೆಯ ತಪ್ಪೂ ಈ ಮೂರರಲ್ಲಿ ಒಂದಾಗಿರಬಹುದು.

ಮೊದಲು ಅಡುಗೆಮನೆಯಲ್ಲಿ ಕಟ್ಟಿಗೆ ಒಲೆ ಇತ್ತು. ಒಲೆ ಮೇಲೆ ಬಿದಿರಿನ ಅಟ್ಟ. ಒಣಗಿಸಿದ ಬಂಗುಡೆಯನ್ನು ಬುಟ್ಟಿಯಲ್ಲಿ ಹಾಕಿ ಅಲ್ಲಿಟ್ಟರೆ ಆಷಾಢ ಕಳೆದು ಶ್ರಾವಣ ಬಂದರೂ ಏನೂ ಆಗುತ್ತಿರಲಿಲ್ಲ. ಕಪ್ಪಗೆ ಹೊಳೆಯುವ, ಹೊಗೆ ವಾಸನೆಯ ಮೀನು. ನಾವೆಲ್ಲ ಅಂದುಕೊಂಡಿದ್ದೆವು, ಒಮ್ಮೆ ಹೊಗೆ ಹಿಡಿದರೆ ಮುಗಿಯಿತು, ಮೀನಿಗೆ ಬೀಗ ಹಾಕಿದ ಹಾಗೆ ಅಂತ. ಆಮೇಲೆ ಗ್ಯಾಸ್ ಬಂತು. ಆ ವರ್ಷವೂ ಮೇ ತಿಂಗಳಲ್ಲಿ ಹಿತ್ತಲಲ್ಲಿ ಗರಟೆ, ಕಾಯಿ ಸಿಪ್ಪೆ ಸುಟ್ಟು ಎರಡು ದಿನ ಚೆನ್ನಾಗಿ ಹೊಗೆ ಕೊಟ್ಟು, ಅದೇ ಬುಟ್ಟಿ, ಅದೇ ಅಟ್ಟ. ಜುಲೈ ಹೊತ್ತಿಗೆ ಅರ್ಧ ಬುಟ್ಟಿ ಹುಳದ ಪಾಲು. ಅಮ್ಮ ಬುಟ್ಟಿ ನೋಡಿ, "ಮೀನು ಅದೇ ಮಗಾ, ಒಲೆ ಒಂದು ಇಲ್ಲ" ಅಂದರು. ಅದೇ ಸರಿಯಾದ ಉತ್ತರವಾಗಿತ್ತು, ನನಗೆ ಆಗ ತಿಳಿಯಲಿಲ್ಲ.

ಮೀನನ್ನು ಕಾದದ್ದು ಹೊಗೆಯೊಂದೇ ಅಲ್ಲ. ದಿನಕ್ಕೆ ಮೂರು ಹೊತ್ತು ಉರಿಯುವ ಒಲೆಯ ಬಿಸಿ, ರಾತ್ರಿ ಮೀನು ಎಳೆದುಕೊಂಡ ತೇವವನ್ನು ಬೆಳಿಗ್ಗೆ ಹೊರಗೆ ಹಾಕುತ್ತಿತ್ತು. ಆ ಬಿಸಿಗೆ ಜೀರುಂಡೆ ಅಲ್ಲಿ ಸಂಸಾರ ಹೂಡುತ್ತಿರಲಿಲ್ಲ. ಹೊಗೆಯಲ್ಲಿ ಫೀನಾಲ್‌ನಂಥ ಅಂಶಗಳಿರುತ್ತವೆ, ಅವು ಬೂಸ್ಟನ್ನು ತಡೆಯುತ್ತವೆ ಅನ್ನುವುದೂ ನಿಜವೇ. ಆದರೆ ಅವು ಕೂರುವುದು ಮೀನಿನ ಮೇಲ್ಮೈಯಲ್ಲಿ. ಒಳಗೆ ನೀರಿದ್ದರೆ, ಅಥವಾ ಹೊರಗಿಂದ ದಿನಾ ನೀರು ಸೇರುತ್ತಿದ್ದರೆ ಆ ತೆಳು ಪದರ ಎಷ್ಟು ದಿನ ಕಾಯುತ್ತದೆ?

ಎರಡನೇ ವರ್ಷ ಒಲೆ ಬೇಕಲ್ಲ ಅಂತ ಬಚ್ಚಲ ಒಲೆ ಮೇಲೆ ಕಟ್ಟಿದೆವು. ಅಲ್ಲಿ ಬೆಂಕಿ ದಿನಾ ಇದ್ದೇ ಇರುತ್ತದೆ, ಹೊಗೆಗೂ ಕೊರತೆಯಿಲ್ಲ. ಆದರೆ ಹಂಡೆಯ ಹಬೆ? ಹುಳ ಬೀಳಲಿಲ್ಲ, ಮೂರೇ ವಾರಕ್ಕೆ ಹಸಿರು ಬೂಸ್ಟು ಬಂತು. ಮೂರನೇ ವರ್ಷ ಪ್ಲಾಸ್ಟಿಕ್ ಕೊಟ್ಟೆಯಲ್ಲಿ, ಅಂದರೆ ಚೀಲದಲ್ಲಿ, ಬಿಗಿಯಾಗಿ ಕಟ್ಟಿಟ್ಟೆವು, ಗಾಳಿಯೇ ಆಡದ ಹಾಗೆ. ಬಿಸಿಲಲ್ಲಿ ಕಾದ ಮೀನನ್ನು ಬಿಸಿ ಬಿಸಿಯಾಗಿಯೇ ತುಂಬಿದ್ದೆ. ಮರುದಿನ ಬೆಳಿಗ್ಗೆ ಕೊಟ್ಟೆಯ ಒಳಗೆ ಸಣ್ಣ ಸಣ್ಣ ನೀರಿನ ಹನಿ ಕಂಡದ್ದು ನನಗೆ ಇವತ್ತಿಗೂ ನೆನಪಿದೆ. ಕಂಡೂ ಸುಮ್ಮನಾದೆ. ಅದೇ ತಪ್ಪು.

ಮೊದಲು ಏನು ಬಂದಿದೆ ಅಂತ ಗುರುತಿಸಿ

ಒಂದು ಬಿಳಿ ಕಾಗದ, ಒಂದು ಟಾರ್ಚ್ ಸಾಕು. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಮೀನನ್ನು ಕಾಗದದ ಮೇಲೆ ತಲೆಕೆಳಗಾಗಿ ಹಿಡಿದು ಮೆಲ್ಲಗೆ ತಟ್ಟಿ. ಬಿದ್ದದ್ದನ್ನು ಒಂದೆರಡು ನಿಮಿಷ ಸುಮ್ನೆ ನೋಡುತ್ತಾ ಕೂರಿ.

ಮೇಲೆ ಬಿಳಿ ಇದೆ, ಕಾಗದದ ಮೇಲೆ ಏನೂ ಓಡಾಡುತ್ತಿಲ್ಲ ಅಂದರೆ ಉಪ್ಪೋ ಬೂಸ್ಟೋ ನೋಡಬೇಕು. ಉಪ್ಪು ಟಾರ್ಚ್ ಬೆಳಕಿಗೆ ಮಿನುಗುತ್ತದೆ, ಉಗುರಲ್ಲಿ ಕೆರೆದರೆ ಕರಕರ ಅನ್ನುತ್ತದೆ, ಒಂದು ಹನಿ ನೀರು ಬಿಟ್ಟರೆ ಕರಗಿ ಕಾಣದಾಗುತ್ತದೆ. ಬೂಸ್ಟು ಮಿನುಗುವುದಿಲ್ಲ, ಹಿಟ್ಟಿನ ಹಾಗೆ ಅಥವಾ ಹತ್ತಿಯ ಎಳೆಯ ಹಾಗೆ ಇರುತ್ತದೆ, ನೀರು ಬಿಟ್ಟರೆ ಅಂಟಿಕೊಂಡು ಹಾಗೇ ಉಳಿಯುತ್ತದೆ. ಮೀನು ಒಣಗುತ್ತಾ ಹೋದಂತೆ ಒಳಗಿನ ಉಪ್ಪು ಮೇಲೆ ಬಂದು ಹರಳುಗಟ್ಟುವುದು ಸಹಜ. ಈ ಹರಳನ್ನು ಬೂಸ್ಟು ಅಂದುಕೊಂಡು ಎಷ್ಟು ಜನ ಒಳ್ಳೆ ಮೀನು ಎಸೆದಿದ್ದಾರೋ. ನೆನೆಸಿಕೊಂಡರೆ ಬೇಜಾರಾಗುತ್ತದೆ.

ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಂದು ಚುಕ್ಕಿಗಳಿದ್ದರೆ ಅದೂ ಬೂಸ್ಟೇ. ಉಪ್ಪು ಮೀನಿಗೆ ಒಗ್ಗಿಕೊಂಡ ಜಾತಿ, ವಾಲೆಮಿಯಾ ಅಂತ ಹೆಸರು. ಉಪ್ಪಿದ್ದರೂ ಅದಕ್ಕೆ ತೊಂದರೆಯಿಲ್ಲ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸಾಕು. ಮೇಲ್ಮೈಯಲ್ಲಷ್ಟೇ ಕೂರುತ್ತದೆ, ಮಾಂಸದೊಳಗೆ ಬೇಗ ಇಳಿಯುವುದಿಲ್ಲ. ಒಂದೆರಡು ಚುಕ್ಕಿ ಇರುವಾಗಲೇ ಕಂಡರೆ ಒಣ ಬ್ರಶ್‌ನಲ್ಲಿ ಉಜ್ಜಿ ತೆಗೆದು, ಮತ್ತೆ ಒಣಗಿಸಿ, ಬೇಗ ಅಡುಗೆಗೆ ಬಳಸಬಹುದು. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮತ್ತು ಉಳಿದ ಮೀನು ಇಟ್ಟ ಜಾಗದಲ್ಲಿ ಉಜ್ಜಬೇಡಿ, ಹೊರಗೆ ಹೋಗಿ.

ಹಸಿರು, ಹಳದಿ ಮಿಶ್ರಿತ ಹಸಿರು, ಕಪ್ಪು ಬಣ್ಣದ ಬೂಸ್ಟಾದರೆ ಯೋಚನೆಯೇ ಬೇಡ, ಎಸೆಯಿರಿ. ಹಳದಿ ಹಸಿರಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಜಾತಿ ಇರಬಹುದು, ಶೇಂಗಾಕ್ಕೆ ಬರುವುದೂ ಅದೇ. ಅದು ಬಿಡುವ ಅಫ್ಲಟಾಕ್ಸಿನ್ ಅನ್ನುವ ವಿಷ ಲಿವರ್ ಹಾಳು ಮಾಡುತ್ತದೆ, ಹುರಿದರೂ ಕುದಿಸಿದರೂ ಹೋಗುವುದಿಲ್ಲ. ನಮ್ಮ ಬಚ್ಚಲಿನ ಮೀನನ್ನು ಪೂರ್ತಿ ಹೂತು ಹಾಕಿದೆವು. ಬೆಕ್ಕಿಗೂ ಕೋಳಿಗೂ ಹಾಕಲಿಲ್ಲ, ನೀವೂ ಹಾಕಬೇಡಿ. ಜಪಾನಿನವರು ಹೊಗೆ ಹಿಡಿಸಿದ ಮೀನಿನ ಮೇಲೆ ಬೇಕಂತಲೇ ಬೂಸ್ಟು ಬೆಳೆಸುತ್ತಾರೆ ಅನ್ನುವುದು ನಿಜ. ಆದರೆ ಅವರು ಆರಿಸಿದ ಜಾತಿಯನ್ನು ಹತೋಟಿಯಲ್ಲಿಟ್ಟು ಬೆಳೆಸುತ್ತಾರೆ. ನಮ್ಮ ಅಟ್ಟದಲ್ಲಿ ತಾನಾಗಿ ಬಂದದ್ದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

ಗುಲಾಬಿ ಅಥವಾ ಕೆಂಪು ಬಣ್ಣ, ಮುಟ್ಟಿದರೆ ಲೋಳೆ, ಮೂಗಿಗೆ ಬಡಿಯುವ ಅಮೋನಿಯಾ ವಾಸನೆ: ಇದು ಬೂಸ್ಟಲ್ಲ, ಉಪ್ಪಲ್ಲೇ ಬದುಕುವ ಬ್ಯಾಕ್ಟೀರಿಯಾ. ಉಪ್ಪಿನ ಗದ್ದೆಯಲ್ಲಿ ಬಿಸಿಲಿಗೆ ಒಣಗಿಸಿದ ಹರಳು ಉಪ್ಪಿನ ಜೊತೆಯೇ ಇದು ಬರುತ್ತದೆ. ಉಪ್ಪು ಹೇರಳವಾಗಿದ್ದು, ಮೀನು ಸರಿಯಾಗಿ ಒಣಗದೆ ಒದ್ದೆ ಒದ್ದೆಯಾಗಿದ್ದರೆ ಮಾತ್ರ ಬೆಳೆಯುತ್ತದೆ. ಹಾಗಾಗಿ ಗುಲಾಬಿ ಕಂಡರೆ ಅಟ್ಟವನ್ನು ದೂರಬೇಡಿ, ಒಣಗಿಸುವ ಹಂತದಲ್ಲೇ ತಪ್ಪಾಗಿದೆ. ತೆಳುವಾಗಿ ಬಣ್ಣ ಬಂದಿದೆ, ಲೋಳೆಯಾಗಿಲ್ಲ, ವಾಸನೆಯೂ ಇಲ್ಲ ಅಂದರೆ ಉಪ್ಪುನೀರಲ್ಲಿ ತೊಳೆದು, ಪುಡಿ ಉಪ್ಪು ಸವರಿ ಮತ್ತೆ ಒಣಗಿಸಿದವರಿದ್ದಾರೆ. ಲೋಳೆ ಬಂದಿದ್ದರೆ ನಾನಂತೂ ಇಟ್ಟುಕೊಳ್ಳುವುದಿಲ್ಲ.

ಹಳದಿ ಕಂದು ಎಣ್ಣೆ ಜಿನುಗಿ, ಹಳೆ ಎಣ್ಣೆಯಂಥ ಕಮಟು ವಾಸನೆ ಬಂದರೆ ಹುಳದ್ದೂ ಅಲ್ಲ ಬೂಸ್ಟಿನದ್ದೂ ಅಲ್ಲ. ತಾರ್ಲೆ (ಬೂತಾಯಿ), ಬಂಗುಡೆಯಂಥ ಎಣ್ಣೆ ಮೀನಿನ ಕೊಬ್ಬು ಗಾಳಿ ತಾಗಿ ಕೆಟ್ಟದ್ದು ಅಷ್ಟೆ. ಇದನ್ನು ವಾಪಸ್ ಸರಿ ಮಾಡಲು ಆಗದು. ತಾರ್ಲೆಯನ್ನು ಜಾಸ್ತಿ ದಿನ ಇಡಲು ಹೋಗಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಂಗ್, ಸಿಗಡಿಯಂಥ ಎಣ್ಣೆ ಕಡಿಮೆ ಇರುವುದನ್ನು ಆಷಾಢಕ್ಕೆ ಉಳಿಸಿಕೊಳ್ಳಿ, ತಾರ್ಲೆ ಮೊದಲು ತಿಂದು ಮುಗಿಸಿ.

ಇನ್ನು ಕಾಗದದ ಮೇಲೆ ಏನೋ ಓಡಾಡಿತು ಅನ್ನಿ. ಹೆಚ್ಚಾಗಿ ಸಿಗುವುದು ಎರಡು ಜಾತಿ. ಒಂದು ಕಪ್ಪು ಜೀರುಂಡೆ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಹೊಟ್ಟೆಯ ಕಡೆ ಬೆಳ್ಳಗೆ. ಅದರ ಮರಿ ಕಂದು ಬಣ್ಣದ್ದು, ಮೈಯೆಲ್ಲ ರೋಮ, ಚಿಕ್ಕ ಕಂಬಳಿಹುಳದಂತೆ, ಬೆಳಕು ಬಿಟ್ಟರೆ ಕತ್ತಲೆಗೆ ಓಡುತ್ತದೆ. ಡರ್ಮೆಸ್ಟಿಸ್ ಅಂತಾರೆ. ಮೀನನ್ನು ನಿಜವಾಗಿ ಖಾಲಿ ಮಾಡುವುದು ಈ ಮರಿಯೇ. ಚರ್ಮ ಮತ್ತು ಮುಳ್ಳು ಉಳಿಸಿ ನಡುವಿನ ಮಾಂಸವನ್ನೆಲ್ಲ ಪುಡಿ ಮಾಡುತ್ತದೆ. ಚೀಲದ ತಳದಲ್ಲಿ ರೋಮದ ಪೊರೆಗಳು ಸಿಕ್ಕರೆ ಹುಳ ಕಾಣದಿದ್ದರೂ ಇದೆ ಅಂತಲೇ ಲೆಕ್ಕ. ಆ ರೋಮ ಕೆಲವರಿಗೆ ತುರಿಕೆ, ಸೀನು ತರಿಸುತ್ತದೆ.

ಇನ್ನೊಂದು ಹೊಳೆಯುವ ನೀಲಿ ಹಸಿರು ಬಣ್ಣದ ಚಿಕ್ಕ ಜೀರುಂಡೆ, ಕಾಲು ಕೆಂಪು. ಇದನ್ನು ನೀವು ಮೊದಲೇ ನೋಡಿರುತ್ತೀರಿ, ಕೊಬ್ಬರಿಯಲ್ಲಿ. ಹೌದು, ಕೊಬ್ಬರಿ ತಿನ್ನುವ ಹುಳವೇ ಒಣಮೀನನ್ನೂ ತಿನ್ನುತ್ತದೆ, ನೆಕ್ರೋಬಿಯಾ ಅಂತ ಅದರ ಹೆಸರು. ನಮ್ಮ ಅಟ್ಟದಲ್ಲಿ ಮೀನಿನ ಬುಟ್ಟಿಯ ಪಕ್ಕದಲ್ಲೇ ವರ್ಷವಿಡೀ ಒಣಕೊಬ್ಬರಿ ಗೋಣಿ ಇರುತ್ತಿತ್ತು. ಕಟ್ಟಿಗೆ ಒಲೆ ಉರಿಯುವಷ್ಟು ಕಾಲ ಎರಡೂ ಚೆನ್ನಾಗಿದ್ದವು. ಒಲೆ ಆರಿದ ವರ್ಷವೇ ಗೋಣಿಯಿಂದ ಬುಟ್ಟಿಗೆ ದಾರಿಯಾಯಿತು. ಕೊಬ್ಬರಿ ಮತ್ತು ಮೀನು ಒಂದೇ ಕೋಣೆಯಲ್ಲಿ ಇಡಬೇಡಿ.

ಹುಳ ಕಾಣುವುದಿಲ್ಲ, ಬೂದು ಧೂಳು ಮಾತ್ರ ಇದೆ, ಆದರೆ ನೋಡುತ್ತಾ ಕೂತರೆ ಧೂಳೇ ಮೆಲ್ಲಗೆ ಸರಿಯುತ್ತದೆ ಅಂದರೆ ಅದು ನುಸಿ. ಮೀನು ತೇವವಾಗಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು ಕಾಲಿಲ್ಲದ ಬಿಳಿ ಹುಳ, ನೊಣದ ಮರಿ: ಒಣಗಿದ ಮೀನಿಗೆ ನೊಣ ಮೊಟ್ಟೆ ಇಡುವುದಿಲ್ಲ. ಹಸಿಯಾಗಿದ್ದಾಗ, ಒಣಗಿಸುವ ಮೊದಲ ದಿನ ಕಿವಿರು ಮತ್ತು ಹೊಟ್ಟೆಯೊಳಗೆ ಇಟ್ಟು ಹೋಗಿರುತ್ತದೆ. ಸೆಕೆಯಲ್ಲಿ ಒಂದೇ ದಿನದೊಳಗೆ ಮೊಟ್ಟೆಯೊಡೆಯುತ್ತದೆ. ಹಾಗಾಗಿ ಕಿವಿರು, ಕರುಳು ತೆಗೆದು, ತೊಳೆದು, ತಡ ಮಾಡದೆ ಉಪ್ಪು ತುಂಬಬೇಕು. ದೊಡ್ಡ ಮೀನಾದರೆ 4 ಕಿಲೋಗೆ 1 ಕಿಲೋ ಉಪ್ಪು. ಉಪ್ಪು ಕಮ್ಮಿ ಮಾಡಿದ ಮೀನಿಗೆ ಡರ್ಮೆಸ್ಟಿಸ್ ಕೂಡ ಬೇಗ ಬೀಳುತ್ತದೆ. ಚೆನ್ನಾಗಿ ಉಪ್ಪು ಹಿಡಿದ ಮೀನು ಅದಕ್ಕೆ ಒಗ್ಗುವುದಿಲ್ಲ.

ಯಾವಾಗ ಒಳಗೆ ಬಂತು?

ಡರ್ಮೆಸ್ಟಿಸ್ ಮೊಟ್ಟೆಯಿಂದ ಪೂರ್ತಿ ಜೀರುಂಡೆಯಾಗಲು ನಮ್ಮ ಕರಾವಳಿಯ ಸೆಕೆಗೆ ಸುಮಾರು 5ರಿಂದ 7 ವಾರ ಬೇಕು. ಈ ಲೆಕ್ಕ ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ಜುಲೈ ಮಧ್ಯದಲ್ಲಿ ಪೊರೆ, ಮರಿ, ಜೀರುಂಡೆ ಎಲ್ಲ ಒಟ್ಟಿಗೆ ಸಿಕ್ಕಿದರೆ ಮೊಟ್ಟೆ ಬಿದ್ದದ್ದು ಮೇ ಕೊನೆಗೋ ಜೂನ್ ಮೊದಲಿಗೋ. ಅಂದರೆ ಒಣಗಿಸಿ ಒಳಗೆ ತರುವ ಮೊದಲೇ, ಅಥವಾ ತಂದು ಬುಟ್ಟಿಗೆ ಹಾಕಿದ ಮೊದಲ ವಾರವೇ. ಬರೀ ಜೀರುಂಡೆ ಮೂರ್ನಾಲ್ಕು ಇವೆ, ಮರಿ ಪೊರೆ ಒಂದೂ ಇಲ್ಲ ಅಂದರೆ ಈಗಷ್ಟೇ ಹೊರಗಿಂದ ಬಂದಿವೆ, ಮೀನು ಇನ್ನೂ ಉಳಿಸಿಕೊಳ್ಳಬಹುದು.

ಪೇಟೆಯಿಂದ ಒಣಮೀನು ತಂದು ಮನೆಯಲ್ಲಿ ಹೊಗೆ ಕೊಡುವವರು ಇದನ್ನು ನೆನಪಿಡಿ. ಮಳೆಗಾಲ ಹಿಡಿಯುವ ಮುಂಚೆ ಘಟ್ಟದ ಮೇಲಿನವರೆಲ್ಲ ಬಂದು ರಾಶಿಗಟ್ಟಲೆ ಕೊಂಡು ಹೋಗುತ್ತಾರೆ. ಗೋಣಿಚೀಲಗಳು ಊರೂರು ತಿರುಗಿ ಬಂದಿರುತ್ತವೆ. ಮೀನಿನಲ್ಲಿ ಹುಳ ಇಲ್ಲದಿದ್ದರೂ ಗೋಣಿಯ ಹೊಲಿಗೆಯಲ್ಲಿ ಇರಬಹುದು. ಗೋಣಿಯನ್ನು ಮನೆಯೊಳಗೆ ತರಬೇಡಿ, ಅಂಗಳದಲ್ಲೇ ಬಿಚ್ಚಿ.

ಇನ್ನೊಂದು ಜಾಗವನ್ನು ಯಾರೂ ನೋಡುವುದಿಲ್ಲ: ಅಟ್ಟದ ಮರ. ಡರ್ಮೆಸ್ಟಿಸ್ ಮರಿ ಬೆಳೆದ ಮೇಲೆ ಮೀನು ಬಿಟ್ಟು ಹೋಗಿ ಮರ, ಬಿದಿರು, ರಟ್ಟು ಹೀಗೆ ಗಟ್ಟಿ ಸಿಕ್ಕಿದ ಕಡೆ ತೂತು ಕೊರೆದು ಅದರೊಳಗೆ ಕೋಶ ಕಟ್ಟುತ್ತದೆ. ಆದ್ದರಿಂದ ಹಳೆ ಮೀನು ಎಸೆದು, ಬುಟ್ಟಿ ತೊಳೆದು, ಹೊಸ ಮೀನು ಅದೇ ಅಟ್ಟಕ್ಕೆ ಏರಿಸಿದರೆ ಹುಳ ಅಲ್ಲೇ ಕಾಯುತ್ತಿರುತ್ತದೆ. ನಾವು ಬಿದಿರಿನ ಒಂದು ಗಳವನ್ನು ಸೀಳಿ ನೋಡಿದಾಗ ಗಿಣ್ಣಿನ ಹತ್ತಿರ ಸಾಲಾಗಿ ತೂತು. ಒಂದೊಂದರಲ್ಲೂ ಪೊರೆ. ಆ ಬಿದಿರನ್ನೆಲ್ಲ ಒಲೆಗೆ ಹಾಕಿದೆವು. ಬದಲಾಯಿಸಲು ಆಗದ ಮರವಾದರೆ ಕುದಿಯುವ ನೀರು ಹೊಯ್ದು, ಬಿಸಿಲಲ್ಲಿ ಒಣಗಿಸಿ, ಬಿರುಕು ಮುಚ್ಚಿ. ಇದು ಏಪ್ರಿಲ್ ತಿಂಗಳ ಕೆಲಸ, ಮಳೆ ಬಂದ ಮೇಲೆ ಆಗುವುದಿಲ್ಲ.

ನೀರು ಎಲ್ಲಿಂದ ಬಂತು?

ಹಸಿ ಮೀನಿನಲ್ಲಿ ನೂರಕ್ಕೆ 70ರಿಂದ 80 ಭಾಗ ನೀರು. ಅದರಲ್ಲಿ ಬಹುಪಾಲು ಹೋಗಬೇಕು. ಹೋಗಿದೆಯಾ ಅಂತ ನೋಡಲು ಹೆಬ್ಬೆರಳಿನ ಪರೀಕ್ಷೆ ಎಲ್ಲರಿಗೂ ಗೊತ್ತು. ಬೆನ್ನಿನ ದಪ್ಪ ಭಾಗದಲ್ಲಿ ಒತ್ತಿದರೆ ಗುಂಡಿ ಬೀಳಬಾರದು. ಆದರೆ ಇದೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಮೊದಲ ದಿನವೇ ಸುಡು ಬಿಸಿಲಿಗೆ ಅಥವಾ ಜೋರು ಬೆಂಕಿಗೆ ಹಿಡಿದ ಮೀನಿನ ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಹೊರಗೆ ಕಟ್ಟಿಗೆಯಂತೆ, ಒಳಗೆ ಮೆತ್ತಗೆ. ಡಬ್ಬಿಯಲ್ಲಿಟ್ಟ ಮೇಲೆ ಆ ನೀರು ನಿಧಾನವಾಗಿ ಹೊರಗೆ ಬಂದು ಹತ್ತು ದಿನಕ್ಕೆ ಬೂಸ್ಟು ತರುತ್ತದೆ. ಬೂಸ್ಟು ಬೆನ್ನುಮೂಳೆಯ ಉದ್ದಕ್ಕೂ, ಒಳಗಿಂದ ಶುರುವಾಗಿದ್ದರೆ ಕಾರಣ ಇದೇ. ಹೊರಮೈಯಲ್ಲಿ ಮಾತ್ರ ಇದ್ದರೆ ನೀರು ಆಮೇಲೆ, ಗಾಳಿಯಿಂದ ಬಂದಿದೆ.

ಹೆಬ್ಬೆರಳಿಗಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಳ್ಳೆಯದು. ಒಂದೇ ಮೀನಿಗೆ ದಾರ ಕಟ್ಟಿ ಗುರುತು ಮಾಡಿ, ದಿನಾ ಸಂಜೆ ತೂಗಿ ಬರೆದಿಡಿ. ಎರಡು ದಿನ ಸತತ ತೂಕ ಇಳಿಯದಿದ್ದರೆ ಒಣಗಿದೆ. ಒಳಗೆ ಇಡುವಾಗ ಪೂರ್ತಿ ಡಬ್ಬಿಯನ್ನೂ ತೂಗಿ ಮುಚ್ಚಳದ ಮೇಲೆ ಬರೆಯಿರಿ. 500 ಗ್ರಾಂ ಇದ್ದ ಮೀನು ಜುಲೈನಲ್ಲಿ 540 ಆಗಿದೆ ಅಂದರೆ ಆ 40 ಗ್ರಾಂ ಎಲ್ಲಿಂದ ಬಂತು? ಮಳೆಗಾಲದ ಗಾಳಿಯಿಂದ ಬಂದ ನೀರು ಅದು.

ಇಲ್ಲಿ ಉಪ್ಪಿನ ಗುಣವನ್ನು ತಿಳಿದುಕೊಳ್ಳಲೇಬೇಕು. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಉಪ್ಪು ನೀರನ್ನು ಎಳೆದುಕೊಂಡು ತಾನೇ ಕರಗುತ್ತದೆ. ಹರಳು ಉಪ್ಪಿನಲ್ಲಿ ಮೆಗ್ನೀಸಿಯಂ ಅಂಶವೂ ಸೇರಿರುವುದರಿಂದ ಅದು ಇನ್ನೂ ಮುಂಚೆಯೇ ಒದ್ದೆಯಾಗುತ್ತದೆ. ನಮ್ಮ ಕಡಲತೀರದಲ್ಲಿ ಜೂನ್ ಜುಲೈಯಲ್ಲಿ ತೇವಾಂಶ 85ಕ್ಕಿಂತ ಮೇಲೆಯೇ ಇರುತ್ತದೆ. ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವುದನ್ನು ಪ್ರತಿ ಮಳೆಗಾಲ ನೋಡುತ್ತೀರಿ, ಅಲ್ವಾ? ಬುಟ್ಟಿಯಲ್ಲಿ ತೆರೆದಿಟ್ಟ ಉಪ್ಪು ಮೀನಿನ ಒಳಗೆ ನಡೆಯುವುದೂ ಅದೇ. ಎಷ್ಟೇ ಚೆನ್ನಾಗಿ ಒಣಗಿಸಿ, ಎಷ್ಟೇ ಹೊಗೆ ಕೊಡಿ, ಒಲೆ ಉರಿಯದ ಅಟ್ಟದಲ್ಲಿ ಬುಟ್ಟಿಯಲ್ಲಿಟ್ಟರೆ ಮೀನು ಒದ್ದೆಯಾಗಿಯೇ ಆಗುತ್ತದೆ.

ಸರಿಯಾಗಿ ಅಳೆಯಬೇಕು ಅಂದರೆ ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಕೊಳ್ಳಿ, ದುಬಾರಿಯಲ್ಲ. ಗಾಜಿನ ಡಬ್ಬಿಗೆ ಮೀನು ತುಂಬಿ, ಮೀಟರ್ ಅದರೊಳಗೇ ಇಟ್ಟು, ಗಟ್ಟಿ ಮುಚ್ಚಿ ಒಂದು ದಿನ ಬಿಡಿ. 65ಕ್ಕಿಂತ ಕೆಳಗಿದ್ದರೆ ಎತ್ತಿಡಬಹುದು. 65ರಿಂದ 75ರ ನಡುವೆ ಇದ್ದರೆ ಒಣಬೂಸ್ಟು ನಿಧಾನಕ್ಕೆ ಬರಬಹುದು, ಈ ತಿಂಗಳೇ ತಿಂದು ಮುಗಿಸಿ. 75 ದಾಟಿದರೆ ಮತ್ತೆ ಬೆಂಕಿಗೆ ಹಿಡಿದು ಒಣಗಿಸಿ. ಮೀಟರ್ ಸರಿಯಿದೆಯಾ ಅಂತ ನೋಡಲೂ ಉಪ್ಪೇ ಸಾಕು. ಒಂದು ಮುಚ್ಚಳದಲ್ಲಿ ಪುಡಿ ಉಪ್ಪಿಗೆ ಸ್ವಲ್ಪ ನೀರು ಹಾಕಿ ಕೆಸರಿನಂತೆ ಕಲಸಿ, ಮೀಟರ್ ಜೊತೆ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಇಡಿ. 75 ತೋರಿಸಬೇಕು. 79 ತೋರಿಸಿದರೆ ನಿಮ್ಮ ಮೀಟರ್ 4 ಜಾಸ್ತಿ ಹೇಳುತ್ತದೆ ಅಂತ ಲೆಕ್ಕ. ಮೀಟರ್ ಇಲ್ಲದವರು ಸಣ್ಣ ಕಾಗದದ ಮೇಲೆ ಒಂದು ಚಮಚ ಒಣ ಪುಡಿ ಉಪ್ಪು ಇಟ್ಟು ಡಬ್ಬಿ ಮುಚ್ಚಿ ಎರಡು ದಿನ ಬಿಟ್ಟು ನೋಡಿ. ಉಪ್ಪು ಒದ್ದೆಯಾಗಿ ಕಾಗದಕ್ಕೆ ಅಂಟಿದರೆ ಮೀನು ಒಣಗಿಲ್ಲ.

ಮಳೆಯಲ್ಲೇ ಸರಿ ಮಾಡುವುದು ಹೇಗೆ

ಹುಳ ಬಿದ್ದ ಮೀನನ್ನು ಮೊದಲು ಆರಿಸಿ. ಟೊಳ್ಳಾದದ್ದು, ಪುಡಿಯಾದದ್ದು ಸುಟ್ಟು ಹಾಕಿ. ಗಟ್ಟಿಯಾಗಿ ಉಳಿದದ್ದನ್ನು ಓವನ್ ಇದ್ದರೆ 60ರಿಂದ 70 ಡಿಗ್ರಿಯಲ್ಲಿ, ಬಾಗಿಲು ಒಂದಿಷ್ಟು ತೆರೆದು, ಎರಡು ಗಂಟೆ ಇಡಿ. ಮೊಟ್ಟೆ ಸಮೇತ ಸಾಯುತ್ತದೆ, ನೀರೂ ಹೋಗುತ್ತದೆ. ದಪ್ಪ ಮೀನಿಗೆ ಬಿಸಿ ನಡುವಿನವರೆಗೆ ತಲುಪಬೇಕು, ಅದಕ್ಕೆ ಇನ್ನೊಂದು ಗಂಟೆ ಸೇರಿಸಿ. ಫ್ರೀಜರ್ ಇದ್ದರೆ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ. ಅದರಿಂದ ಹುಳ ಸಾಯುತ್ತದೆ, ಆದರೆ ಮೀನು ಒಣಗುವುದಿಲ್ಲ, ಆ ಕೆಲಸ ಬೇರೆ ಮಾಡಬೇಕು. ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಹುಳ ಮಂಕಾಗುತ್ತದೆ, ಸಾಯುತ್ತದೆ ಅಂತ ನಂಬಬೇಡಿ.

ಎರಡೂ ಇಲ್ಲದಿದ್ದರೆ ಕೆಂಡ. ಗರಟೆ ಸುಟ್ಟು ಹೊಗೆ ಕಮ್ಮಿಯಾಗಿ ಕೆಂಡವಾದ ಮೇಲೆ ಅದರ ಮೇಲೆ ಎರಡೂವರೆ ಅಡಿ ಎತ್ತರದಲ್ಲಿ ತಂತಿ ಜಾಲರಿ ಇಟ್ಟು, ಮೀನು ಒಂದಕ್ಕೊಂದು ತಾಗದಂತೆ ಹರಡಿ. ಕೈ ಅಲ್ಲಿ ಹಿಡಿದರೆ ಚುರುಕು ಅನ್ನಬೇಕು, ಸುಡಬಾರದು. ಆಗಾಗ ಮಗುಚುತ್ತಾ ನಾಲ್ಕೈದು ಗಂಟೆ. ಕೊನೆಯ ಅರ್ಧ ಗಂಟೆ ಕಾಯಿ ಸಿಪ್ಪೆ ಹಾಕಿ ಹೊಗೆ ಕೊಡಿ. ಮಲೆನಾಡಿನಲ್ಲಿ ಮೊದಲ ಮಳೆಗೆ ಹತ್ತುಮೀನು (ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಸಿಕ್ಕಾಗ ಬಿಸಿಲೇ ಇರುವುದಿಲ್ಲ, ಅವರು ಒಲೆಯ ಬಿಸಿಯನ್ನೇ ನೆಚ್ಚಿಕೊಳ್ಳುತ್ತಾರೆ. ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್ ತುಂಡು ಇಂಥವನ್ನು ಮಾತ್ರ ಬೆಂಕಿಗೆ ಹಾಕಬೇಡಿ, ಅದರ ಹೊಗೆ ಮೀನಿನ ಮೇಲೆಯೇ ಕೂರುತ್ತದೆ.

ದಯವಿಟ್ಟು ಜಿರಳೆ ಸ್ಪ್ರೇ, ನುಸಿಗುಳಿಗೆ, ಗದ್ದೆಗೆ ಹೊಡೆಯುವ ಔಷಧಿ ಮೀನಿನ ಹತ್ತಿರ ತರಬೇಡಿ. ಒಣಮೀನಿನ ಎಣ್ಣೆ ಅದನ್ನು ಹೀರಿಕೊಳ್ಳುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ತಿನ್ನುವವರು ನಮ್ಮ ಮನೆಯ ಮಕ್ಕಳೇ. ಬೇವಿನ ಎಲೆ ಹಾಕುತ್ತೇವೆ ಅನ್ನುವವರಿಗೂ ಒಂದು ಮಾತು: ಹಸಿ ಎಲೆ ಹಾಕಿದರೆ ಅದರ ನೀರೇ ಬೂಸ್ಟಿಗೆ ದಾರಿ. ಗರಿಗರಿ ಒಣಗಿದ್ದನ್ನೇ ಹಾಕಿ. ಜಾಸ್ತಿ ಪ್ರಮಾಣದಲ್ಲಿ ಮಾಡಿ ಮಾರುವವರಿಗೆ ಬೇರೆ ದಾರಿಯೂ ಇದೆ. ಪುಡಿ ಉಪ್ಪಿಗೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಬೆರೆಸಿ ಮೀನಿನ ಮೇಲೆ ಉದುರಿಸುವ ಕ್ರಮವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಹೇಳಿಕೊಟ್ಟಿದ್ದಾರೆ. ಬ್ರೆಡ್ಡಿಗೆ ಬೂಸ್ಟು ಬಾರದಂತೆ ಹಾಕುವುದೂ ಅದನ್ನೇ. ಪ್ರಮಾಣವನ್ನು ಅವರನ್ನೇ ಕೇಳಿ ತಿಳಿದುಕೊಳ್ಳಿ, ಅಂದಾಜಿಗೆ ಹಾಕಬೇಡಿ.

ಸಿಗಡಿಯದ್ದು ಸ್ವಲ್ಪ ಬೇರೆ. ಚಿಕ್ಕದು, ತೆಳು, ಬೇಗ ಒಣಗುತ್ತದೆ, ಅಷ್ಟೇ ಬೇಗ ತೇವ ಎಳೆಯುತ್ತದೆ. ಉಪ್ಪಿಲ್ಲದೆ ಒಣಗಿಸಿದ್ದಾದರೆ ಹುಳಕ್ಕೆ ಬಲು ಇಷ್ಟ. ಕೈಯಲ್ಲಿ ಹಿಡಿದು ಹಿಸುಕಿದರೆ ಪಟ್ ಅಂತ ಮುರಿಯಬೇಕು, ಬಾಗಿದರೆ ಒದ್ದೆಯಾಗಿದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೆಚ್ಚಗೆ ಮಾಡಿದರೆ ಸಾಕು, ಮತ್ತೆ ಗರಿಗರಿ. ತಲೆ, ಕಾಲಿನ ಪುಡಿಯನ್ನು ಜರಡಿ ಹಿಡಿದು ತೆಗೆದೇ ತುಂಬಿ, ಹುಳ ಅಡಗುವುದು ಆ ಪುಡಿಯಲ್ಲಿ.

ಹೊರದೇಶದಲ್ಲಿರುವ ನಮ್ಮವರು ಅಂಗಡಿಯಿಂದ ತರುವ ಮೆತ್ತನೆಯ ಹೊಗೆಮೀನಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದು ಒಣಗಿದ ಮೀನಲ್ಲ, ಹೊಗೆ ತಾಗಿದ ಹಸಿ ಮೀನು ಅಂತ ತಿಳಿಯಿರಿ. ಗಾಳಿ ತೆಗೆದ ಪ್ಯಾಕೆಟ್ಟಿನಲ್ಲಿದ್ದರೂ ಫ್ರಿಜ್ಜಿನಲ್ಲೇ ಇರಬೇಕು. ಹೊರಗಿಟ್ಟರೆ ಗಾಳಿಯಿಲ್ಲದ ಕಡೆ ಬೆಳೆಯುವ ಬಾಟ್ಯುಲಿಸಂ ಬ್ಯಾಕ್ಟೀರಿಯಾ ಜೀವಕ್ಕೇ ಅಪಾಯ ತರಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇರಬೇಕೆಂದಿಲ್ಲ.

ಈಗ ನಾವು ಇಡುವುದು ಹೀಗೆ

ಕೆಂಡದಿಂದ ಇಳಿಸಿದ ಮೀನನ್ನು ಮೊರದಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ ಪೂರ್ತಿ ಆರಲು ಬಿಡುತ್ತೇವೆ, ಆದರೆ ಒಂದು ಗಂಟೆಗಿಂತ ಜಾಸ್ತಿ ಅಲ್ಲ. ಬಿಸಿ ಇರುವಾಗ ತುಂಬಿದರೆ ಬೆವರುತ್ತದೆ, ತಡ ಮಾಡಿದರೆ ಮಳೆಗಾಳಿಯ ತೇವ ಎಳೆಯುತ್ತದೆ. ತೆಳು ಪ್ಲಾಸ್ಟಿಕ್ ಕೊಟ್ಟೆಯನ್ನು ಬಿಟ್ಟೇಬಿಟ್ಟೆವು. ಮೀನಿನ ಮುಳ್ಳೇ ಅದನ್ನು ತೂತು ಮಾಡುತ್ತದೆ, ಡರ್ಮೆಸ್ಟಿಸ್ ಮರಿ ಕೊರೆದುಕೊಂಡೇ ಒಳಗೆ ಬರುತ್ತದೆ. ಗಾಜಿನ ಭರಣಿ, ಇಲ್ಲಾ ರಬ್ಬರ್ ಪಟ್ಟಿಯ ಸ್ಟೀಲ್ ಡಬ್ಬಿ. ತಳದಲ್ಲಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತೇವೆ, ತಿಂಗಳಿಗೊಮ್ಮೆ ಆ ಅಕ್ಕಿಯನ್ನು ಮತ್ತೆ ಹುರಿಯುತ್ತೇವೆ.

ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಚಿಕ್ಕವು. ಯಾಕೆಂದರೆ ಮಳೆಗಾಲದಲ್ಲಿ ಪ್ರತಿ ಸಲ ಮುಚ್ಚಳ ತೆಗೆದಾಗಲೂ ಒದ್ದೆ ಗಾಳಿ ಒಳಗೆ ಹೋಗುತ್ತದೆ. ಒಂದು ಡಬ್ಬಿ ವಾರಕ್ಕೆ ಎರಡು ಸಲ ತೆರೆದರೆ ಉಳಿದ ಮೂರು ಮುಟ್ಟದೆ ಇರುತ್ತವೆ. ಫ್ರೀಜರಿನಿಂದ ತೆಗೆದ ಡಬ್ಬಿಯನ್ನಂತೂ ಕೂಡಲೇ ತೆರೆಯಬೇಡಿ, ಮೂರ್ನಾಲ್ಕು ಗಂಟೆ ಹೊರಗಿಟ್ಟು ತಣ್ಣಗಿನದೆಲ್ಲ ಬಿಟ್ಟ ಮೇಲೆ ತೆರೆಯಿರಿ, ಇಲ್ಲದಿದ್ದರೆ ಮೀನಿನ ಮೇಲೆಯೇ ಇಬ್ಬನಿಯಂತೆ ನೀರು ಕೂರುತ್ತದೆ. ಅಮ್ಮ ಈಗ ಮೀನು ತೆಗೆಯುವ ಮೊದಲು ಕೈ ಒರೆಸಿಕೊಂಡು, ಒಣ ಚಿಮಟದಲ್ಲಿ ಬೇಕಾದಷ್ಟು ತೆಗೆದು, ಮುಚ್ಚಳ ಹಾಕಿದ ಮೇಲೆಯೇ ಮುಂದಿನ ಮಾತು ಆಡುವುದು. ಮುಚ್ಚಳದ ಮೇಲೆ ಮೇ 22ರ ತೂಕ ಬರೆದ ಚೀಟಿ ಇದೆ. ಹದಿನೈದು ದಿನಕ್ಕೊಮ್ಮೆ ತೂಗಿ ಅದರ ಕೆಳಗೇ ಬರೆಯುತ್ತೇನೆ. ಹತ್ತು ಗ್ರಾಂ ಏರಿದರೆ ಆ ಡಬ್ಬಿಯ ಮೀನು ಅವತ್ತೇ ಸಾರಿಗೆ.